ಓದುಗರ ಪ್ರಶ್ನೆಗಳು: ಹಳೆಯ ವಾಲ್ವ್ ರೇಡಿಯೋಗಳ ದುರಸ್ತಿ

ವಾಲ್ವ್ (ಗಾಜಿನ ನಿರ್ವಾತ ನಳಿಕೆ) ರೇಡಿಯೋಗಳ ಬಗ್ಗೆ ಬೆಳಗಾವಿ, ಬಾಗಲಕೋಟೆ ಮತ್ತು ವಿಜಯಪುರ ಜಿಲ್ಲೆಗಳ ಓದುಗರು ಬರೆದ ಪ್ರಶ್ನೆಗಳಲ್ಲಿ ಕೆಲವನ್ನು ಆಯ್ದು ಇಲ್ಲಿ ಉತ್ತರಿಸಲಾಗಿದೆ. ಉತ್ತರಗಳನ್ನು ಓದುವ ಮುನ್ನ ಒಂದು ವಿಷಯ ನೆನಪಿರಲಿ. ಚಾಲೂ ಇರುವ ಮೇನ್ಸ್ ರೇಡಿಯೋದೊಳಗೆ 200ರಿಂದ 300 ವೋಲ್ಟುಗಳವರೆಗೆ ಡಿ.ಸಿ. ವಿದ್ಯುತ್ತು ಇರುತ್ತದೆ ಮತ್ತು ಪ್ಲಗ್ ಕಿತ್ತ ಮೇಲೂ, ಡಿ.ಸಿ.ಯ ಏರಿಳಿತವನ್ನು ಸಮಗೊಳಿಸುವ ಫಿಲ್ಟರ್ ಕೆಪಾಸಿಟರುಗಳಲ್ಲಿ ಅದು ಸ್ವಲ್ಪ ಹೊತ್ತು ಉಳಿದಿರಬಹುದು. ಬೆಸುಗೆ ಮತ್ತು ಮಲ್ಟಿಮೀಟರಿನ ಅಭ್ಯಾಸವಿಲ್ಲದವರು ಒಳಗೆ ಕೈ ಹಾಕದೆ, ಬಲ್ಲವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೆಲಸ ಮಾಡಿಸುವುದೇ ಸರಿ.

ಪ್ರಶ್ನೆ: ನಮ್ಮ ತಂದೆಯವರು ಕೊಂಡಿದ್ದ ಮರದ ಪೆಟ್ಟಿಗೆಯ ರೇಡಿಯೋ ಮೂವತ್ತು ವರ್ಷಗಳಿಂದ ಅಟ್ಟದ ಮೇಲಿತ್ತು. ಒಳಗೆ ಇಸಿಎಚ್81, ಇಎಫ್89, ಇಬಿಸಿ81, ಇಎಲ್84, ಇಝಡ್80 ಎಂದು ಬರೆದ ಐದು ವಾಲ್ವುಗಳಿವೆ. ಪ್ಲಗ್ ಹಾಕಿ ನೋಡಿದರೆ ಕೆಟ್ಟಿದೆಯೋ ಇಲ್ಲವೋ ತಿಳಿಯುತ್ತದೆ ಎಂದು ಪರಿಚಯದ ಎಲೆಕ್ಟ್ರಿಷಿಯನ್ ಒಬ್ಬರು ಹೇಳುತ್ತಾರೆ. ಹಾಗೆ ಮಾಡಬಹುದೇ? (ನಿವೃತ್ತ ಶಿಕ್ಷಕರು, ಮುಧೋಳ)

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ಮೂವತ್ತು ವರ್ಷ ಸುಮ್ಮನಿದ್ದ ರೇಡಿಯೋವನ್ನು ನೇರವಾಗಿ 230 ವೋಲ್ಟಿಗೆ ಜೋಡಿಸಿದರೆ, ಕೆಲವು ರೂಪಾಯಿಗಳ ಕೆಪಾಸಿಟರೊಂದು ಶಾರ್ಟ್ ಆಗಿ, ಇಂದು ಎಲ್ಲಿ ಹುಡುಕಿದರೂ ಸಿಗದ ಟ್ರಾನ್ಸ್‌ಫಾರ್ಮರನ್ನು ಸುಟ್ಟುಬಿಡಬಹುದು. ಇಂಥ ರೇಡಿಯೋಗಳು ಹಾಳಾಗುವುದು ಅಟ್ಟದಲ್ಲಿ ಇದ್ದುದರಿಂದ ಅಷ್ಟಾಗಿ ಅಲ್ಲ, ಕೆಳಗಿಳಿಸಿದ ಮೊದಲ ದಿನದ ಆತುರದಿಂದಲೇ ಹೆಚ್ಚು ಎಂಬುದು ನನ್ನ ದೃಢವಾದ ಅಭಿಪ್ರಾಯ.

ತಾವು ಬರೆದ ವಾಲ್ವುಗಳ ಹೆಸರನ್ನು ನೋಡಿದರೆ ಇದು ಮೇನ್ಸ್ ಟ್ರಾನ್ಸ್‌ಫಾರ್ಮರ್ ಇರುವ ಎ.ಸಿ. ಸೆಟ್ಟು. ಮೊದಲ ಅಕ್ಷರ ‘ಇ’ ಎಂದಿದ್ದರೆ ಆ ವಾಲ್ವಿನ ಹೀಟರ್ (ಒಳಗೆ ಕಾಯುವ ತಂತಿ) 6.3 ವೋಲ್ಟಿನದು. ಐದರಲ್ಲಿ ಇಸಿಎಚ್81 ಬಂದ ತರಂಗವನ್ನು ಸುಮಾರು 455 ಕಿಲೋಹರ್ಟ್ಸಿನ ಮಧ್ಯಂತರ ಆವರ್ತನಕ್ಕೆ ಇಳಿಸುತ್ತದೆ, ಇಎಫ್89 ಅದನ್ನು ವರ್ಧಿಸುತ್ತದೆ, ಇಬಿಸಿ81 ಅದರಿಂದ ಧ್ವನಿಯನ್ನು ಬೇರ್ಪಡಿಸುತ್ತದೆ, ಇಎಲ್84 ಸ್ಪೀಕರಿಗೆ ಬೇಕಾದ ಶಕ್ತಿಯನ್ನು ಕೊಡುತ್ತದೆ, ಇಝಡ್80 ಎ.ಸಿ.ಯನ್ನು ಡಿ.ಸಿ. ಮಾಡುತ್ತದೆ. ಜನ ಮೊದಲು ಸಂಶಯಪಡುವುದು ವಾಲ್ವುಗಳನ್ನೇ. ಆದರೆ ಗಾಜು ಒಡೆಯದ, ಹೀಟರ್ ತುಂಡಾಗದ ವಾಲ್ವು ಎಷ್ಟು ವರ್ಷ ಇಟ್ಟರೂ ಹಾಗೆಯೇ ಇರುತ್ತದೆ. ತುದಿಯ ಒಳಭಾಗದಲ್ಲಿ ಬೆಳ್ಳಿಯಂತೆ ಹೊಳೆಯುವ ಲೇಪವಿದೆಯೇ ನೋಡಿ. ಅದು ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಮಾತ್ರ ಒಳಗೆ ಗಾಳಿ ಸೇರಿ ವಾಲ್ವು ಸತ್ತಿದೆ ಎಂದರ್ಥ.

ಕೆಡುವುದು ಕಾಗದ, ಮೇಣ, ರಬ್ಬರು ಮತ್ತು ಎಲೆಕ್ಟ್ರೋಲೈಟಿಕ್ ಕೆಪಾಸಿಟರಿನೊಳಗಿನ ದ್ರಾವಣ. ಆದ್ದರಿಂದ ಮೊದಲು ಹಿಂಬದಿಯ ರಟ್ಟನ್ನು ಬಿಚ್ಚಿ, ಇಲಿ ಗೂಡು ಕಟ್ಟಿದೆಯೇ, ತಂತಿಗಳ ರಬ್ಬರ್ ಹೊದಿಕೆ ಪುಡಿಯಾಗಿದೆಯೇ ಎಂದು ಪರೀಕ್ಷಿಸಿ. ಧೂಳನ್ನು ಮೆದು ಬ್ರಶ್ಶಿನಿಂದ ತೆಗೆಯಿರಿ. ಹಳೆಯ ಮೇನ್ಸ್ ವೈರನ್ನು ಬದಲಿಸಿ, ಫ್ಯೂಸ್ ಹಾಕಿಸಿ. ಹಿಂಬದಿಯಲ್ಲಿ ವೋಲ್ಟೇಜ್ ಆರಿಸುವ ಬಿರಡೆ ಇದ್ದರೆ ಅದನ್ನು 240 ಅಥವಾ 250ರಲ್ಲಿ ಇಡಿ. 220ರಲ್ಲಿ ಬಿಟ್ಟರೆ ಒಳಗಿನ ಎಲ್ಲ ವೋಲ್ಟೇಜುಗಳೂ ಏರುತ್ತವೆ.

ಅನಂತರ ಇಝಡ್80ನ್ನು ಅದರ ಸಾಕೆಟ್ಟಿನಿಂದ ಕಿತ್ತಿಟ್ಟು, 60 ವ್ಯಾಟಿನ ಹಳೆಯ ಮಾದರಿಯ ತಂತಿ ಬಲ್ಬನ್ನು ರೇಡಿಯೋದೊಂದಿಗೆ ಸರಣಿಯಲ್ಲಿ ಜೋಡಿಸಿ ವಿದ್ಯುತ್ತು ಕೊಡಿ. ಎಲ್‌ಇಡಿ ಬಲ್ಬು ಇದಕ್ಕೆ ಬಾರದು. ಬಲ್ಬು ಕ್ಷಣಕಾಲ ಬೆಳಗಿ ಮಂದವಾದರೆ, ಉಳಿದ ನಾಲ್ಕು ವಾಲ್ವುಗಳ ಹೀಟರುಗಳು ನಸುಗೆಂಪಾಗಿ ಕಂಡರೆ, ಮೇನ್ಸ್ ಟ್ರಾನ್ಸ್‌ಫಾರ್ಮರ್ ಬಹುಮಟ್ಟಿಗೆ ಕ್ಷೇಮವಾಗಿದೆ. ಬಲ್ಬು ಪೂರ್ಣ ಪ್ರಕಾಶದಲ್ಲಿಯೇ ನಿಂತರೆ ಕೂಡಲೇ ಆರಿಸಿ. ಎಲ್ಲಿಯೋ ಶಾರ್ಟ್ ಇದೆ. ಇಷ್ಟು ಸರಿಯಿದ್ದರೂ ಇಝಡ್80ನ್ನು ಆಗಲೇ ಹಾಕಬೇಡಿ. ಅದಕ್ಕೆ ಮುನ್ನ ಫಿಲ್ಟರ್ ಕೆಪಾಸಿಟರುಗಳನ್ನು ಬದಲಿಸಬೇಕು. ಹಳೆಯ ಅಲ್ಯೂಮಿನಿಯಂ ಡಬ್ಬಿಯನ್ನು ಕಿತ್ತು ಎಸೆಯದೆ, ಅದರ ತಂತಿಗಳನ್ನು ಮಾತ್ರ ಬಿಡಿಸಿ, ಅಷ್ಟೇ ಅಳತೆಯ ಮತ್ತು ಅಷ್ಟೇ ಅಥವಾ ಹೆಚ್ಚಿನ ವೋಲ್ಟೇಜಿನ ಹೊಸ ಕೆಪಾಸಿಟರುಗಳನ್ನು ಚಾಸಿಯ (ಭಾಗಗಳನ್ನೆಲ್ಲ ಕೂರಿಸಿದ ಲೋಹದ ತಟ್ಟೆಯ) ಕೆಳಗೆ ಕೂರಿಸಿದರೆ, ನೋಟವೂ ಉಳಿಯುತ್ತದೆ, ಕೆಲಸವೂ ಆಗುತ್ತದೆ. ಧನ, ಋಣ ತುದಿಗಳು ಅದಲು ಬದಲಾಗಬಾರದು. ಗುಂಯ್‌ಗುಡುವ ಶಬ್ದ ಕಡಿಮೆಯಾಗಲೆಂದು ಕೆಲವು ಮೆಕ್ಯಾನಿಕರು ದೊಡ್ಡ ಅಳತೆಯದನ್ನು ಹಾಕುತ್ತಾರೆ. ಇಝಡ್80 ವಾಲ್ವಿನ ಮುಂದಿನ ಮೊದಲ ಕೆಪಾಸಿಟರ್ 50 ಮೈಕ್ರೋಫ್ಯಾರಡ್ ಮೀರಿದರೆ ಪ್ರತಿ ಸಲ ಅದು ತುಂಬುವಾಗಿನ ಹೊರೆಯನ್ನು ಆ ವಾಲ್ವು ತಾಳಲಾರದು. ಮೇಣದ ಕಾಗದದ ಕೆಪಾಸಿಟರುಗಳ ವಿಷಯವನ್ನು ಮುಂದಿನ ಉತ್ತರದಲ್ಲಿ ನೋಡಿ. ಅವನ್ನೂ ಬದಲಿಸಿದ ಮೇಲೆ ಇಝಡ್80ನ್ನು ಹಾಕಿ, ಬಲ್ಬಿನ ಮೂಲಕವೇ ಮತ್ತೊಮ್ಮೆ ಚಾಲೂ ಮಾಡಿ.

ಪ್ರಶ್ನೆ: ನಮ್ಮ ರೇಡಿಯೋ ಚೆನ್ನಾಗಿ ಹಾಡುತ್ತದೆ, ಆದರೆ ಅರ್ಧ ಗಂಟೆಯಾದ ಮೇಲೆ ಧ್ವನಿ ಒಡೆಯುತ್ತದೆ ಮತ್ತು ಇಎಲ್84 ವಾಲ್ವು ವಿಪರೀತ ಕಾಯುತ್ತದೆ. ಹೊಸ ವಾಲ್ವು ತರಿಸಿ ಹಾಕಿದರೂ ಅದೇ ಕತೆ. ಮಳೆಗಾಲದಲ್ಲಿ ಈ ತೊಂದರೆ ಇನ್ನೂ ಹೆಚ್ಚು. (ಒಬ್ಬ ಓದುಗರು, ಶಹಾಪುರ, ಬೆಳಗಾವಿ)

ಉತ್ತರ: ತಾವು ಸುರಕ್ಷಿತವಾಗಿದ್ದ ವಾಲ್ವನ್ನು ಬದಲಿಸಿ, ಅದನ್ನು ಸುಡುತ್ತಿರುವ ಭಾಗವನ್ನು ಹಾಗೆಯೇ ಬಿಟ್ಟಿರುವ ಸಂಭವವೇ ಹೆಚ್ಚು. ಇಬಿಸಿ81ರ ಆನೋಡಿನಿಂದ (ಧ್ವನಿ ಹೊರಬರುವ ತುದಿ) ಇಎಲ್84ರ ಗ್ರಿಡ್ಡಿಗೆ (ಧ್ವನಿ ಒಳಹೋಗುವ ತುದಿ) ಧ್ವನಿಯನ್ನು ಒಯ್ಯುವ, ಸಾಮಾನ್ಯವಾಗಿ 0.01 ಮೈಕ್ರೋಫ್ಯಾರಡಿನ ಆಸುಪಾಸಿನ ಒಂದು ಕೆಪಾಸಿಟರ್ ಇರುತ್ತದೆ. ಅದರ ಕೆಲಸ ಧ್ವನಿಯನ್ನು ದಾಟಿಸುವುದು, ಡಿ.ಸಿ.ಯನ್ನು ತಡೆಯುವುದು. ಹಳೆಯ ಕೆಪಾಸಿಟರಿನೊಳಗಿನ ಕಾಗದ ತೇವವನ್ನು ಹೀರಿಕೊಂಡಾಗ ಈ ತಡೆ ಸಡಿಲವಾಗುತ್ತದೆ. ಬೆಳಗಾವಿಯ ಮಳೆಗಾಲದಲ್ಲಿ ತೊಂದರೆ ಹೆಚ್ಚುವುದಕ್ಕೂ, ಚಾಸಿ ಕಾದ ಮೇಲೆ ದೋಷ ಕಾಣಿಸುವುದಕ್ಕೂ ಕಾರಣ ಇಲ್ಲಿಯೇ ಇದೆ.

ಲೆಕ್ಕ ಹಾಕಿ ನೋಡೋಣ. ಆನೋಡಿನಲ್ಲಿ 100 ವೋಲ್ಟು ಇದೆ, ಗ್ರಿಡ್ಡಿನಿಂದ ಚಾಸಿಗೆ 680 ಕಿಲೋ ಓಮಿನ ರೆಸಿಸ್ಟರ್ ಇದೆ ಎಂದುಕೊಳ್ಳಿ. ಕೆಪಾಸಿಟರಿನ ಸೋರಿಕೆ 20 ಮೆಗಾ ಓಮಿನಷ್ಟಿದ್ದರೂ, ಅಂದರೆ ನೋಡುವವರಿಗೆ ಅದು ಬಹಳ ಒಳ್ಳೆಯ ತಡೆಯಂತೆ ತೋರಿದರೂ, ಗ್ರಿಡ್ಡಿನ ಮೇಲೆ 3 ವೋಲ್ಟಿಗಿಂತ ಹೆಚ್ಚು ಧನ ವೋಲ್ಟೇಜ್ ಬಂದು ಕೂರುತ್ತದೆ. ಇಎಲ್84ರ ಗ್ರಿಡ್ ತನ್ನ ಕ್ಯಾಥೋಡಿಗಿಂತ (ಎಲೆಕ್ಟ್ರಾನುಗಳನ್ನು ಹೊರಸೂಸುವ ತುದಿ) ಸುಮಾರು 7 ವೋಲ್ಟು ಋಣವಾಗಿರಬೇಕು. ಈ ಅಂತರ ಕಡಿಮೆಯಾದಷ್ಟೂ ವಾಲ್ವು ಹೆಚ್ಚು ವಿದ್ಯುತ್ತನ್ನು ಎಳೆಯುತ್ತದೆ, ಕಾಯುತ್ತದೆ, ಕೊನೆಗೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರನ್ನೂ ತನ್ನೊಂದಿಗೆ ಹಾಳುಮಾಡುತ್ತದೆ.

ಸಾಮಾನ್ಯ ಮಲ್ಟಿಮೀಟರಿನ ಓಮ್ ವ್ಯಾಪ್ತಿಯಲ್ಲಿ ಕೆಪಾಸಿಟರನ್ನು ಅಳೆದು ಅದು ಸರಿಯಿದೆ ಎಂದು ತೀರ್ಮಾನಿಸುವುದು ಪೊಳ್ಳು ಪರೀಕ್ಷೆ, ಏಕೆಂದರೆ ಮೀಟರು ಕೊಡುವುದು ಕೆಲವೇ ವೋಲ್ಟು. ಸೋರಿಕೆ ಬೆಳೆಯುವುದು ನೂರು ವೋಲ್ಟಿನ ಒತ್ತಡದಲ್ಲಿ. ಸರಿಯಾದ ಪರೀಕ್ಷೆ ಹೀಗಿದೆ: ರೇಡಿಯೋ ಆರಿಸಿ, ತಣ್ಣಗಾದ ಮೇಲೆ ಇಎಲ್84ನ್ನು ಕಿತ್ತಿಡಿ, ಮತ್ತೆ ಚಾಲೂ ಮಾಡಿ, ಆ ಸಾಕೆಟ್ಟಿನ 2ನೆಯ ಪಿನ್ನಿಗೂ ಚಾಸಿಗೂ ನಡುವೆ ಡಿ.ಸಿ. ವೋಲ್ಟೇಜ್ ಅಳೆಯಿರಿ. ವಾಲ್ವು ಇಲ್ಲದಾಗ ಎಚ್.ಟಿ. (ಆನೋಡುಗಳಿಗೆ ಹೋಗುವ ಹೆಚ್ಚಿನ) ವೋಲ್ಟೇಜ್ ಮೇಲೇರುವುದರಿಂದ ಈ ಅಳತೆಯನ್ನು ಬೇಗ ಮುಗಿಸಿ ಆರಿಸಿಬಿಡಬೇಕು. ಅಲ್ಲಿ ಧನ ವೋಲ್ಟೇಜ್ ತೋರಿಸಿದರೆ ಅದು ಕೆಪಾಸಿಟರಿನ ಸೋರಿಕೆಯೇ. ವಾಲ್ವು ಹಾಕಿದಾಗ ಮಾತ್ರ ತೋರಿಸಿ, ಕಿತ್ತಾಗ ಸೊನ್ನೆಯಾದರೆ ದೋಷ ವಾಲ್ವಿನದು. 0.01 ಮೈಕ್ರೋಫ್ಯಾರಡ್, 630 ವೋಲ್ಟಿನ ಪಾಲಿಯೆಸ್ಟರ್ ಕೆಪಾಸಿಟರನ್ನು ಹಾಕಿದ ಮೇಲೆ, ವಾಲ್ವನ್ನು ಕೂರಿಸಿ, 3ನೆಯ ಪಿನ್ನಿನಲ್ಲಿ ಕ್ಯಾಥೋಡಿನ ವೋಲ್ಟೇಜನ್ನು ನೋಡಿ. 7ರ ಆಸುಪಾಸಿನಲ್ಲಿದ್ದರೆ ನೆಮ್ಮದಿಯಿಂದ ಹಾಡು ಕೇಳಬಹುದು. 12ಕ್ಕೆ ಏರಿದ್ದರೆ ಇನ್ನೂ ಏನೋ ಉಳಿದಿದೆ.

ಇದೇ ಸಂದರ್ಭದಲ್ಲಿ ಮೇಣ ಸವರಿದ ಉಳಿದ ಕಾಗದದ ಕೆಪಾಸಿಟರುಗಳನ್ನೂ ಬದಲಿಸಿಬಿಡಿ. ಒಂದೊಂದನ್ನೇ ತೆಗೆದು ಅದರ ಜಾಗಕ್ಕೆ ಹೊಸದನ್ನು ಬೆಸೆದು ಮುಂದೆ ಹೋಗಬೇಕು. ಎಲ್ಲವನ್ನೂ ಒಮ್ಮೆಲೇ ಕತ್ತರಿಸಿದರೆ ಯಾವುದು ಎಲ್ಲಿತ್ತು ಎಂಬುದೇ ಮರೆತುಹೋಗುತ್ತದೆ. ಮೇನ್ಸಿಗೆ ಅಡ್ಡಲಾಗಿ ಕೂರಿಸುವ ಕೆಪಾಸಿಟರ್ ಎಕ್ಸ್2 (ಮೇನ್ಸಿಗೆಂದೇ ಮಾಡಿದ ಸುರಕ್ಷಾ) ದರ್ಜೆಯದೇ ಆಗಿರಬೇಕು. ಮೈಕಾ ಕೆಪಾಸಿಟರುಗಳನ್ನು ಕಾರಣವಿಲ್ಲದೆ ಮುಟ್ಟಬೇಡಿ. ಹಳೆಯ ಕಾರ್ಬನ್ ರೆಸಿಸ್ಟರುಗಳು ಕಾಲಕ್ರಮದಲ್ಲಿ ಹೆಚ್ಚಿನ ಓಮಿಗೆ ಏರುತ್ತವೆ. ಬರೆದ ಅಳತೆಗಿಂತ ಶೇಕಡಾ 20ಕ್ಕೂ ಮೀರಿ ಏರಿದವನ್ನು ಮಾತ್ರ ತೆಗೆದರೆ ಸಾಕು.

ಪ್ರಶ್ನೆ: ಬೇಕಲೈಟ್ ಪೆಟ್ಟಿಗೆಯ ಸಣ್ಣ ರೇಡಿಯೋ ಒಂದನ್ನು ಹಳೆಯ ಸಾಮಾನಿನ ಅಂಗಡಿಯಿಂದ ತಂದೆ. ತಿರುಪುವ ಗುಂಡಿಯ ಪಕ್ಕದ ಸ್ಕ್ರೂ ಮುಟ್ಟಿದರೆ ಶಾಕ್ ಹೊಡೆಯುತ್ತದೆ. ಸ್ವಿಚ್ ಆರಿಸಿದಾಗಲೂ ಹೀಗಾಗುತ್ತದೆ. ಎಲ್ಲಿ ಶಾರ್ಟ್ ಆಗಿದೆ? (ಅಂಗಡಿಕಾರರು, ವಿಜಯಪುರ)

ಉತ್ತರ: ಎಲ್ಲಿಯೂ ಶಾರ್ಟ್ ಆಗಿರಬೇಕೆಂದಿಲ್ಲ. ವಾಲ್ವುಗಳ ಹೆಸರು ಯುಸಿಎಚ್81, ಯುಎಫ್89, ಯುಬಿಸಿ81, ಯುಎಲ್84, ಯುವೈ85 ಎಂದು ‘ಯು’ದಿಂದ ಆರಂಭವಾಗಿದ್ದರೆ ಅದು ಎ.ಸಿ., ಡಿ.ಸಿ. ಎರಡಕ್ಕೂ ನಡೆಯುವಂತೆ ಮಾಡಿದ ಸೆಟ್ಟು. ಆ ಕಾಲದಲ್ಲಿ ಕೆಲವು ನಗರಗಳಲ್ಲಿ ಡಿ.ಸಿ. ವಿದ್ಯುತ್ತು ಇದ್ದುದರಿಂದಲೂ, ಟ್ರಾನ್ಸ್‌ಫಾರ್ಮರಿನ ಖರ್ಚು ಉಳಿಯುತ್ತಿದ್ದುದರಿಂದಲೂ ಇಂಥವು ಬಹಳ ತಯಾರಾದವು. ಇವುಗಳಲ್ಲಿ ಮೇನ್ಸಿನ ಒಂದು ತಂತಿ ನೇರವಾಗಿ ಚಾಸಿಗೆ ಸೇರಿರುತ್ತದೆ. ಹೀಟರುಗಳು ಒಂದರ ಹಿಂದೆ ಒಂದು ಸರಣಿಯಲ್ಲಿದ್ದು, 19, 12.6, 14, 45 ಮತ್ತು 38 ವೋಲ್ಟು ಸೇರಿ 128.6 ವೋಲ್ಟು ಬಳಸುತ್ತವೆ. 230ರಲ್ಲಿ ಉಳಿದ 100 ವೋಲ್ಟನ್ನು ಸುಮಾರು 1,000 ಓಮಿನ ದೊಡ್ಡ ರೆಸಿಸ್ಟರ್ ಇಳಿಸುತ್ತದೆ. ಹೀಟರಿನ ವಿದ್ಯುತ್ತು 0.1 ಆಂಪಿಯರ್ ಆದ್ದರಿಂದ ಆ ರೆಸಿಸ್ಟರೊಂದೇ 10 ವ್ಯಾಟಿನಷ್ಟು ಶಾಖವನ್ನು ಹೊರಹಾಕುತ್ತದೆ. ವಿಜಯಪುರದ ಬೇಸಿಗೆಯಲ್ಲಿ ಇಂಥ ಸೆಟ್ಟನ್ನು ಗೋಡೆಗೆ ಒತ್ತಿ ಇಡಬಾರದು, ಹಿಂಬದಿಯ ತೂತುಗಳು ತೆರೆದಿರಬೇಕು. ಐದರಲ್ಲಿ ಒಂದು ಹೀಟರ್ ತುಂಡಾದರೂ ಎಲ್ಲವೂ ಆರುತ್ತವೆ ಎಂಬುದನ್ನೂ ನೆನಪಿಡಿ.

ಚಾಸಿಗೆ ಸೇರಿದ್ದು ನ್ಯೂಟ್ರಲ್ ಆಗಿದ್ದರೆ ಅಪಾಯ ಕಡಿಮೆ, ಫೇಸ್ ಆಗಿದ್ದರೆ ಚಾಸಿಯೆಲ್ಲ 230 ವೋಲ್ಟು. ಎರಡು ಪಿನ್ನಿನ ಪ್ಲಗ್ಗನ್ನು ತಿರುಗಿಸಿ ಹಾಕಿದರೆ ಸಾಕು, ನ್ಯೂಟ್ರಲ್ ಇದ್ದಲ್ಲಿ ಫೇಸ್ ಬರುತ್ತದೆ. ಪ್ಲಗ್ ತಿರುಗಿಸುವುದನ್ನೇ ಪರಿಹಾರವೆಂದು ತಿಳಿಯಬೇಡಿ. ರೇಡಿಯೋದ ಸ್ವಿಚ್ ಚಾಸಿಯ ಕಡೆಯ ತಂತಿಯಲ್ಲಿದ್ದರೆ, ಆರಿಸಿದಾಗ ಹೀಟರುಗಳ ಮೂಲಕವೇ ಫೇಸ್ ಹರಿದು ಚಾಸಿಗೆ ಬರುತ್ತದೆ. ನಿಮಗೆ ಆರಿಸಿದಾಗಲೂ ಶಾಕ್ ಹೊಡೆಯುತ್ತಿರುವುದು ಬಹುಶಃ ಹೀಗೆಯೇ. ತಯಾರಕರು ಗುಂಡಿಯ ಸ್ಕ್ರೂ ತೂತನ್ನು ಮೇಣದಿಂದ ಮುಚ್ಚಿ, ಕೆಳಗಿನ ರಟ್ಟಿನಿಂದ ಚಾಸಿಯ ಸ್ಕ್ರೂಗಳನ್ನು ಮರೆಮಾಡಿ ಕಳಿಸುತ್ತಿದ್ದರು. ಕಾಲಾಂತರದಲ್ಲಿ ಮೇಣ ಉದುರುತ್ತದೆ, ರಟ್ಟು ಕಳೆದುಹೋಗುತ್ತದೆ. ಅವೆರಡನ್ನೂ ಮರಳಿ ಹಾಕಿಸಿ. ದುರಸ್ತಿ ಮಾಡುವಾಗ 230 ವೋಲ್ಟಿನಿಂದ 230 ವೋಲ್ಟಿಗೆ ಕೊಡುವ, 100 ವಿ.ಎ. ಸಾಮರ್ಥ್ಯದ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ (ಮೇನ್ಸಿಗೂ ಸೆಟ್ಟಿಗೂ ನೇರ ತಂತಿಯ ಸಂಬಂಧ ಇರದಂತೆ ಬೇರ್ಪಡಿಸುವಂಥದು) ಕಡ್ಡಾಯ. ದಿನವೂ ಕೇಳುವುದಿದ್ದರೆ ಅದನ್ನು ಖಾಯಮ್ಮಾಗಿ ಇಟ್ಟುಕೊಳ್ಳುವುದೇ ಒಳ್ಳೆಯದು. ಪಂಪ್‌ಸೆಟ್ ಮೋಟಾರುಗಳಿಗೆ ರಿವೈಂಡಿಂಗ್ ಮಾಡುವ ಅನುಭವಿಗಳಲ್ಲಿ ಹಲವರು ಇದನ್ನು ಸುತ್ತಿಕೊಡಬಲ್ಲರು. ಅಲ್ಲಿಯವರೆಗೆ ಮನೆಯ ಮಕ್ಕಳು ಮುಟ್ಟುವ ಕಡೆ ಈ ರೇಡಿಯೋ ಇರಕೂಡದು.

ಪ್ರಶ್ನೆ: ಡಯಲಿನ ಗಾಜು ಮಸುಕಾಗಿದೆ, ಮುಂದಿನ ಬಟ್ಟೆ ಹರಿದಿದೆ. ಗಾಜನ್ನು ಸೋಪಿನ ನೀರಿನಿಂದ ತೊಳೆಯಬಹುದೇ? ಬಟ್ಟೆಯ ಬದಲು ನಮ್ಮ ಗುಳೇದಗುಡ್ಡದ ಖಣವನ್ನು ಹಾಕಬಹುದೇ? (ಗೃಹಿಣಿ, ಇಳಕಲ್)

ಉತ್ತರ: ಗಾಜಿನ ಹಿಂಬದಿಗೆ ನೀರು, ಸ್ಪಿರಿಟ್ ಯಾವುದನ್ನೂ ತಾಗಿಸಬೇಡಿ. ಕೇಂದ್ರಗಳ ಹೆಸರು ಮತ್ತು ಅಂಕಿಗಳು ಮುದ್ರಿತವಾಗಿರುವುದು ಹಿಂಬದಿಯಲ್ಲಿ. ಒಂದೇ ಒರೆಸಿಗೆ ಅಳಿಸಿಹೋಗಬಹುದು, ಹೋದದ್ದು ಮರಳುವುದಿಲ್ಲ. ಹಿಂಬದಿಗೆ ಒಣ, ಮೆದುವಾದ ಬ್ರಶ್ಶು, ಮುಂಬದಿಗೆ ಹಿಂಡಿದ ಒದ್ದೆ ಬಟ್ಟೆ, ಇಷ್ಟೇ ಸಾಕು. ಗಾಜು ಬಿಚ್ಚುವ ಮೊದಲು ಡಯಲಿನ ದಾರ ಯಾವ ಗಾಲಿಯ ಮೇಲೆ ಎಷ್ಟು ಸುತ್ತು ಹೋಗಿದೆ ಎಂಬುದರ ಫೋಟೋ ತೆಗೆದುಕೊಳ್ಳಿ.

ಬಟ್ಟೆಯ ಕುರಿತು ತಮ್ಮ ಆಲೋಚನೆ ನನಗೆ ಬಹಳ ಇಷ್ಟವಾಯಿತು. ಆದರೆ ಖಣದ ನೇಯ್ಗೆ ದಟ್ಟವಾದದ್ದು, ಅದು ಸ್ಪೀಕರಿನ ಏರು ಸ್ವರಗಳನ್ನು ತಡೆಯುತ್ತದೆ. ಹಾಡಿನ ಸ, ಶ ಅಕ್ಷರಗಳು ಮಂಕಾಗುತ್ತವೆ. ಬಟ್ಟೆಯನ್ನು ಬಾಯಿಯ ಮುಂದೆ ಹಿಡಿದು ಊದಿದರೆ ಉಸಿರು ಸರಾಗವಾಗಿ ದಾಟಬೇಕು. ಮಗ್ಗದ ತೆಳುವಾದ, ಗಂಜಿ ತೊಳೆದ ಹತ್ತಿಯ ಬಟ್ಟೆ ಈ ಪರೀಕ್ಷೆಯಲ್ಲಿ ಗೆಲ್ಲುತ್ತದೆ. ಖಣವನ್ನು ಅಂಚಿಗೆ ಪಟ್ಟಿಯಾಗಿ ಬಳಸಿದರೆ ಅಡ್ಡಿಯಿಲ್ಲ.

ಪ್ರಶ್ನೆ: ಹಳ್ಳಿಗೆ ಕರೆಂಟು ಬರುವ ಮೊದಲು ನಮ್ಮ ಮನೆಯಲ್ಲಿದ್ದ ಬ್ಯಾಟರಿ ರೇಡಿಯೋ ಇದೆ. ಡಿಕೆ96, ಡಿಎಫ್96, ಡಿಎಎಫ್96, ಡಿಎಲ್96 ವಾಲ್ವುಗಳು. ದೊಡ್ಡ ಬ್ಯಾಟರಿ ಈಗ ಸಿಗುವುದಿಲ್ಲ. (ರೈತರು, ಸಿಂದಗಿ ತಾಲೂಕು)

ಉತ್ತರ: ಬ್ಯಾಟರಿಯನ್ನು ನೀವೇ ಕಟ್ಟಿಕೊಳ್ಳಬಹುದು. ಈ ಸೆಟ್ಟಿಗೆ ಎರಡು ಬೇರೆ ಬೇರೆ ವಿದ್ಯುತ್ತು ಬೇಕು. ಸಮಾನಾಂತರವಾಗಿ ಜೋಡಿಸಿದ ಹೀಟರುಗಳಿಗೆ 1.4 ವೋಲ್ಟು, ಒಟ್ಟು 125 ಮಿಲಿ ಆಂಪಿಯರ್; ಒಂದು ದೊಡ್ಡ ಟಾರ್ಚ್ ಸೆಲ್ಲು ಸಾಕು. ಆನೋಡುಗಳಿಗೆ 90 ವೋಲ್ಟು, ಸುಮಾರು 10 ಮಿಲಿ ಆಂಪಿಯರ್. 9 ವೋಲ್ಟಿನ ಚೌಕ ಬ್ಯಾಟರಿ ಹತ್ತನ್ನು ಒಂದರ ಬಾಯಿಗೆ ಇನ್ನೊಂದನ್ನು ಸಿಕ್ಕಿಸಿದರೆ ಸಿದ್ಧ. ಅಲ್ಕಲೈನ್ ಆದರೆ ದಿನಕ್ಕೆ ಒಂದು ಗಂಟೆಯಂತೆ ಒಂದು ತಿಂಗಳ ಮೇಲೆ ಬರುತ್ತವೆ. 90 ವೋಲ್ಟಿನ ತಂತಿ ಒಮ್ಮೆ ತಪ್ಪಿ ಹೀಟರಿಗೆ ತಾಗಿದರೆ ನಾಲ್ಕೂ ವಾಲ್ವುಗಳು ಕ್ಷಣದಲ್ಲಿ ಹೋಗುತ್ತವೆ. ಆದ್ದರಿಂದ ಎರಡಕ್ಕೂ ಒಂದಕ್ಕೊಂದು ಕೂರದಂಥ ಬೇರೆ ಬೇರೆ ಪ್ಲಗ್ಗುಗಳಿರಲಿ. ಮುಳ್ಳಿನ ಮೀಟರಿನ ಕೆಳಗಿನ ಓಮ್ ವ್ಯಾಪ್ತಿಯಲ್ಲಿ ಈ ಹೀಟರುಗಳನ್ನು ಪರೀಕ್ಷಿಸಬೇಡಿ. ಕೇವಲ 25 ಮಿಲಿ ಆಂಪಿಯರಿನ ಆ ಎಳೆ ಪರೀಕ್ಷೆಯಲ್ಲಿಯೇ ಸುಟ್ಟುಹೋಗಬಹುದು.

ಪ್ರಶ್ನೆ: ದುರಸ್ತಿಯಾಗಿ ಬಂದಿದೆ, ಆದರೆ ಬರೀ ಗರಗರ ಶಬ್ದ. ಡಯಲಿನಲ್ಲಿ ಮೀಟರ್ ಲೆಕ್ಕವಿದೆ. ಧಾರವಾಡ ಎಲ್ಲಿ ಬರುತ್ತದೆ? ಎಫ್.ಎಂ. ಬರುವಂತೆ ಮಾಡಬಹುದೇ? (ಒಬ್ಬ ಓದುಗರು, ಗೋಕಾಕ)

ಉತ್ತರ: 3,00,000ವನ್ನು ಕಿಲೋಹರ್ಟ್ಸಿನಿಂದ ಭಾಗಿಸಿದರೆ ತರಂಗದ ಉದ್ದ ಮೀಟರಿನಲ್ಲಿ ಸಿಗುತ್ತದೆ. 1950ರ ಜನವರಿ 8ರಂದು ಆರಂಭವಾದ ಧಾರವಾಡ ಆಕಾಶವಾಣಿಯ ಮಧ್ಯಮ ತರಂಗ 765 ಕಿಲೋಹರ್ಟ್ಸ್, ಅಂದರೆ 392 ಮೀಟರ್. ಬೆಂಗಳೂರಿನ 612 ಕಿಲೋಹರ್ಟ್ಸ್ ಎಂದರೆ 490 ಮೀಟರ್. 1978ರ ನವೆಂಬರಿನಲ್ಲಿ ಮಧ್ಯಮ ತರಂಗದ ಕೇಂದ್ರಗಳನ್ನು 9 ಕಿಲೋಹರ್ಟ್ಸಿನ ಅಂತರದಲ್ಲಿ ಹೊಸದಾಗಿ ಹೊಂದಿಸಿದ್ದರಿಂದ, ಹಳೆಯ ಗಾಜಿನ ಮೇಲಿನ ಹೆಸರಿಗೂ ಇಂದಿನ ಜಾಗಕ್ಕೂ ಸ್ವಲ್ಪ ವ್ಯತ್ಯಾಸವಿದ್ದರೆ ಅದು ದೋಷವಲ್ಲ.

ಗರಗರಕ್ಕೆ ಕಾರಣ ಬಹುಪಾಲು ರೇಡಿಯೋದ ಹೊರಗಿರುತ್ತದೆ. ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಇನ್ವರ್ಟರ್ ಇವೆಲ್ಲ ಮಧ್ಯಮ ತರಂಗದಲ್ಲಿಯೇ ಗದ್ದಲ ಹೊರಡಿಸುತ್ತವೆ. ಸೆಲ್ಲಿನ ಸಣ್ಣ ಟ್ರಾನ್ಸಿಸ್ಟರನ್ನು ಹಿಡಿದು ಮನೆಯಲ್ಲಿ ಅಡ್ಡಾಡಿದರೆ ಗದ್ದಲ ಎಲ್ಲಿ ಹೆಚ್ಚುತ್ತದೆ ಎಂಬುದು ತಿಳಿಯುತ್ತದೆ. ಹಿಂದೆ ಮಾಳಿಗೆಯ ಜಂತಿಗೆ ತಾಮ್ರದ ಜಾಲರಿ ಪಟ್ಟಿಯನ್ನು ಕಟ್ಟುತ್ತಿದ್ದರಷ್ಟೆ, ಇಂದು ಮನೆಯೊಳಗಿನ ಏರಿಯಲ್ ಈ ಗದ್ದಲವನ್ನೇ ಹಿಡಿಯುತ್ತದೆ. ಮನೆಯಿಂದ ದೂರಕ್ಕೆ, ವಿದ್ಯುತ್ ತಂತಿಗಳಿಂದ ಪಾರಾಗಿ, 10ರಿಂದ 15 ಮೀಟರ್ ಉದ್ದದ ತಂತಿಯನ್ನು ಎಳೆದು, ನೆಲಕ್ಕೆ ಬೇರೆ ಅರ್ಥ್ ಕೊಡಿ. ಮಳೆ ಗುಡುಗಿನ ಕಾಲದಲ್ಲಿ ಅದನ್ನು ಬಿಡಿಸಿಡಿ. ಕತ್ತಲಾದ ಮೇಲೆ ಆಕಾಶದ ಕೆಳಗಿನ ಅಯಾನು ಪದರ ಕರಗುವುದರಿಂದ ದೂರದ ಕೇಂದ್ರಗಳೂ ಬರುತ್ತವೆ. ರೇಡಿಯೋ ಸಿಲೋನಿನ ಹಾಡುಗಳಿಗೆ ಕಿವಿಗೊಟ್ಟ ಹಿರಿಯರಿಗೆ ರಾತ್ರಿಯ ಶಾರ್ಟ್‌ವೇವಿನ ಈ ಗುಣ ಚೆನ್ನಾಗಿ ಗೊತ್ತು. ಎಫ್.ಎಂ. ಪಟ್ಟಿಯೇ ಇಲ್ಲದ ಸೆಟ್ಟಿನ ಒಳಭಾಗವನ್ನು ಅದಕ್ಕಾಗಿ ಕೆಡಿಸಬೇಡಿ.

ಪ್ರಶ್ನೆ: ಒಳಗಿನದನ್ನೆಲ್ಲ ತೆಗೆದು ಬ್ಲೂಟೂತ್ ಬೋರ್ಡು ಹಾಕಿಕೊಡುತ್ತೇನೆ ಎಂದು ಒಬ್ಬರು ಹೇಳುತ್ತಾರೆ. ಅಜ್ಜನ ರೇಡಿಯೋ. ಏನು ಮಾಡಲಿ? (ಎಂಜಿನಿಯರಿಂಗ್ ವಿದ್ಯಾರ್ಥಿನಿ, ಚಿಕ್ಕೋಡಿ)

ಉತ್ತರ: ಬೇಡಮ್ಮಾ, ಒಪ್ಪಬೇಡ. ಹಾಗೆ ಮಾಡಿದರೆ ಉಳಿಯುವುದು ಅಜ್ಜನ ರೇಡಿಯೋ ಅಲ್ಲ, ಅದರ ಪೆಟ್ಟಿಗೆ ಮಾತ್ರ. ಫೋನಿನ ಹಾಡನ್ನು ಅದೇ ವಾಲ್ವುಗಳ ಮೂಲಕ, ಅದೇ ಸ್ಪೀಕರಿನಲ್ಲಿ ಕೇಳುವ ದಾರಿಯಿದೆ. ಹಿಂಬದಿಯಲ್ಲಿ ಗ್ರಾಮಫೋನಿಗೆಂದು ಕೊಟ್ಟ ಎರಡು ತೂತುಗಳಿರುತ್ತವೆ. ಸಣ್ಣ ಬ್ಲೂಟೂತ್ ರಿಸೀವರಿನ ಎಡ, ಬಲ ಎರಡೂ ತಂತಿಗಳನ್ನು 4.7 ಕಿಲೋ ಓಮಿನ ಒಂದೊಂದು ರೆಸಿಸ್ಟರ್ ಮೂಲಕ ಒಂದಾಗಿಸಿ, ಒಂದಕ್ಕೊಂದು ಅನುಪಾತದ ಆಡಿಯೋ ಟ್ರಾನ್ಸ್‌ಫಾರ್ಮರ್ ದಾಟಿಸಿ ಅಲ್ಲಿಗೆ ಕೊಡಬೇಕು. ವಾಲ್ವುಗಳು ‘ಇ’ ಸಾಲಿನವೇ ಎಂದು ಮೊದಲು ಖಚಿತಪಡಿಸಿಕೊಳ್ಳಬೇಕು. ‘ಯು’ ಸಾಲಿನ ಸೆಟ್ಟಾದರೆ ಮೇಲೆ ಹೇಳಿದ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಆ ತೂತುಗಳಿಗೆ ಏನನ್ನೂ ಜೋಡಿಸಕೂಡದು. ಬ್ಯಾಂಡ್ ಸ್ವಿಚ್ಚನ್ನು ಗ್ರಾಮಫೋನಿನ ಗುರುತಿಗೆ ತಿರುಗಿಸಿ, ಫೋನಿನ ಧ್ವನಿಯನ್ನು ಮುಕ್ಕಾಲು ಮಟ್ಟಕ್ಕೆ ಇಟ್ಟು, ಉಳಿದದ್ದನ್ನು ರೇಡಿಯೋದ ವಾಲ್ಯೂಮಿನಿಂದ ಸರಿಪಡಿಸಿಕೊಂಡರೆ ಆಯಿತು. ಫೋನಿಗೂ ರೇಡಿಯೋಕ್ಕೂ ತಂತಿಯ ಸಂಬಂಧವಿಲ್ಲದ್ದರಿಂದ ಫೋನನ್ನು ಚಾರ್ಜಿಗೆ ಹಾಕಿಟ್ಟೇ ಹಾಡು ಕೇಳಬಹುದು.